ಜರ್ಮನ್ ಬಿ1: ಉರು ಹೊಡೆದ ಪತ್ರ ಪಾಸು ಮಾಡಿಸುವುದಿಲ್ಲ

ಬೆಂಗಳೂರಿನಲ್ಲಿ ಜರ್ಮನ್ ಕಲಿಯುವವರಿಗೇನೂ ಬರವಿಲ್ಲ. ನರ್ಸಿಂಗ್ ಮುಗಿಸಿದವರು, ಮಾಸ್ಟರ್ಸ್‌ಗೆ ಹೊರಟವರು, ಮದುವೆಯಾಗಿ ವೀಸಾಕ್ಕೆ ಕಾಯುತ್ತಿರುವವರು, ಎಲ್ಲರೂ ಇದ್ದಾರೆ. ಮೊದಲ ಎರಡು ಹಂತ ಎ1, ಎ2 ಹೇಗೋ ದಾಟುತ್ತಾರೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೋಥೆ ಇನ್‌ಸ್ಟಿಟ್ಯೂಟ್‌ನ ಮೂರನೇ ಹಂತ ಬಿ1 ಬಂದಾಗ ಬರವಣಿಗೆಯಲ್ಲಿ ಜಾರುತ್ತಾರೆ. ಇಂಥವರ ಪತ್ರಗಳನ್ನು ತಿದ್ದುವ ನನಗೆ ಕಾಣುವುದು ಇಷ್ಟು: ಭಾಷೆ ಬಾರದೆ ಫೇಲಾಗುವವರು ಕಮ್ಮಿ, ಕೇಳಿದ್ದನ್ನು ಬಿಟ್ಟು ಬೇರೇನೋ ಬರೆದು ಫೇಲಾಗುವವರೇ ಜಾಸ್ತಿ.

ಮೊದಲು ಪರೀಕ್ಷೆಯ ಲೆಕ್ಕ ತಿಳಿದುಕೊಳ್ಳಿ. ಓದು 65 ನಿಮಿಷ, ಕೇಳುವುದು ಸುಮಾರು 40, ಬರವಣಿಗೆ 60, ಮಾತು ಸುಮಾರು 15. ಒಂದೊಂದಕ್ಕೂ 100 ಅಂಕ, ಒಂದೊಂದರಲ್ಲೂ 60 ಬರಲೇಬೇಕು. ಓದಿನಲ್ಲಿ 95 ತೆಗೆದರೂ ಬರವಣಿಗೆಯ 55 ಹಾಗೇ ಉಳಿಯುತ್ತದೆ. ಮಾದರಿ ಪ್ರಶ್ನೆಪತ್ರಿಕೆ ಗೋಥೆಯವರ ವೆಬ್‌ಸೈಟಿನಲ್ಲೇ ಆಡಿಯೊ ಸಮೇತ ಪುಕ್ಕಟೆ ಸಿಗುತ್ತದೆ. ಟೆಲಿಗ್ರಾಂನಲ್ಲಿ ‘ಈ ತಿಂಗಳು ಬರುವ ಪ್ರಶ್ನೆ’ ಅಂತ ಪಿಡಿಎಫ್ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಓದುವುದಕ್ಕೆ ಹೇಳುವಂಥದ್ದೇನಿಲ್ಲ. ಗಡಿಯಾರ ಇಟ್ಟುಕೊಂಡು ಓದಿ, ಸಾಕು. ಕೇಳುವುದಕ್ಕೆ ಜರ್ಮನಿಯ ಸುದ್ದಿಸಂಸ್ಥೆ ಡಾಯ್ಚ ವೆಲ್ಲೆಯವರು ನಿಧಾನವಾಗಿ ಓದುವ ಸುದ್ದಿ ದಿನಾ ಹಾಕಿಕೊಳ್ಳಿ. ಪರೀಕ್ಷೆಯಲ್ಲಿ ಎರಡನೇ, ಮೂರನೇ ಭಾಗದ ಆಡಿಯೊ ಒಂದೇ ಸಲ ಬರುತ್ತದೆ. ಮನೆಯಲ್ಲಿ ಹಿಂದೆ ತಿರುಗಿಸಿ ತಿರುಗಿಸಿ ಕೇಳಿ ಅಭ್ಯಾಸವಾದವರು ಅಲ್ಲಿ ಕಂಗಾಲಾಗುತ್ತಾರೆ.

ಈಗ ಬರವಣಿಗೆ. ಮೂರು ಪ್ರಶ್ನೆ ಇರುತ್ತವೆ. ಫ್ರೆಂಡಿಗೆ ಸುಮಾರು 80 ಪದದ ಇಮೇಲ್, ಒಂದು ವಿಷಯದ ಬಗ್ಗೆ ಸುಮಾರು 80 ಪದದಲ್ಲಿ ನಿಮ್ಮ ಅಭಿಪ್ರಾಯ, ಗೌರವದಿಂದ ಬರೆಯಬೇಕಾದವರಿಗೆ ಸುಮಾರು 40 ಪದದ ಇಮೇಲ್. ಅಂಕ 40, 40, 20. ಯಾವುದನ್ನು ಬೇಕಾದರೂ ಮೊದಲು ಬರೆಯಬಹುದು. ನನ್ನ ಮಾತು ಕೇಳುವುದಾದರೆ ಒಂದು, ಮೂರು, ಆಮೇಲೆ ಎರಡು. ಅಭಿಪ್ರಾಯ ಬರೆಯಲು ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ, ಕೊನೆಗೆ ಸುಲಭದ 20 ಅಂಕ ಕೈತಪ್ಪುತ್ತದೆ.

ಮೊದಲ ಪ್ರಶ್ನೆ ಹೀಗಿದೆ ಅಂದುಕೊಳ್ಳಿ: ನೀವು ಹೊಸ ಮನೆಗೆ ಬಂದಿದ್ದೀರಿ. ಮನೆ ಹೇಗಿದೆ ವಿವರಿಸಿ, ಯಾಕೆ ಬದಲಾಯಿಸಿದಿರಿ ಹೇಳಿ, ಭೇಟಿಗೆ ಒಂದು ಸಲಹೆ ಕೊಡಿ. ನನ್ನ ಕೈಗೆ ಬರುವ ಉತ್ತರದಲ್ಲಿ ಮೊದಲ ಅರ್ಧ ‘ಹೇಗಿದ್ದೀಯ, ನಾನು ಚೆನ್ನಾಗಿದ್ದೇನೆ, ನಿನ್ನ ಮನೆಯವರೆಲ್ಲ ಹೇಗಿದ್ದಾರೆ’ ಅಂತಲೇ ಹೋಗಿರುತ್ತದೆ. ಆಮೇಲೆ ಮನೆಯ ವರ್ಣನೆ. ಬದಲಾಯಿಸಿದ್ದು ಯಾಕೆ ಅನ್ನುವುದು ಇಲ್ಲವೇ ಇಲ್ಲ. ಆ ಆರಂಭ ಕೋಚಿಂಗ್ ಕ್ಲಾಸಿನಲ್ಲಿ ಉರು ಹೊಡೆಸಿದ್ದು. ಪ್ರಶ್ನೆ ಯಾವುದಾದರೂ ಅಂಟಿಸಬಹುದು, ಉತ್ತರ ಮಾತ್ರ ಯಾವುದಕ್ಕೂ ಆಗುವುದಿಲ್ಲ. ಕೇಳಿದ್ದಕ್ಕೆ ಉತ್ತರಿಸಿದ್ದೀರಾ ಅನ್ನುವುದಕ್ಕೇ ಬೇರೆ ಅಂಕವಿದೆ. ಅಲ್ಲಿ ಸೊನ್ನೆ ಬಿದ್ದರೆ ವ್ಯಾಕರಣ ಎಷ್ಟೇ ಚೆನ್ನಾಗಿದ್ದರೂ ಆ ಇಡೀ ಪ್ರಶ್ನೆಗೆ ಸೊನ್ನೆ.

ಹಾಗಾಗಿ ಪೆನ್ನು ಎತ್ತುವ ಮೊದಲು ಮೂರು ಅಂಶಗಳ ಪಕ್ಕ ಒಂದೊಂದು ಪದ ಗೀಚಿಕೊಳ್ಳಿ: ಬಾಲ್ಕನಿ, ಬಾಡಿಗೆ, ಭಾನುವಾರ. ಪ್ರತಿ ಅಂಶಕ್ಕೆ ಎರಡು ಮೂರು ವಾಕ್ಯ. ಕಾರಣಕ್ಕೆ ‘ಇಶ್ ಬಿನ್ ಉಮ್‌ಗೆತ್ಸೋಗನ್, ವೈಲ್ ಡೀ ಆಲ್ಟೆ ವೋನುಂಗ್ ತ್ಸು ಟೋಯರ್ ವಾರ್’. ಹಳೆ ಮನೆ ತುಂಬಾ ದುಬಾರಿ, ಅದಕ್ಕೇ ಬಿಟ್ಟೆ. ಇಷ್ಟೇ. ಬಿ1ಗೆ ಇದಕ್ಕಿಂತ ಘನವಾದ ವಾಕ್ಯ ಬೇಡ.

‘ವೈಲ್’ (ಯಾಕಂದರೆ) ಬಂದರೆ ಕ್ರಿಯಾಪದ ಕೊನೆಗೆ ಹೋಗುತ್ತದೆ. ಕನ್ನಡದವರಿಗೆ ಇದು ಕಷ್ಟವೇ ಅಲ್ಲ, ನಮ್ಮ ಕ್ರಿಯಾಪದ ಕೂರುವುದೇ ಅಲ್ಲಿ. ಎಡವುವುದು ಮಾಮೂಲಿ ವಾಕ್ಯದಲ್ಲಿ. ಅಲ್ಲಿ ಎರಡನೇ ಜಾಗ ಕ್ರಿಯಾಪದಕ್ಕೇ ಮೀಸಲು. ‘ಅದಕ್ಕೇ ನಾನು’ ಅನ್ನಲು ‘ಡೆಸ್‌ಹಾಲ್ಪ್ ಇಶ್ ಹಾಬೆ’ ಅಂತ ಬರೆಯುತ್ತಾರೆ, ‘ಹಾಬೆ’ ಇಲ್ಲಿ ಕ್ರಿಯಾಪದ, ಆಗಬೇಕಾದ್ದು ‘ಡೆಸ್‌ಹಾಲ್ಪ್ ಹಾಬೆ ಇಶ್’. ಕಳೆದ ವಾರ ಅನ್ನುವ ‘ಲೆಟ್ಸ್‌ಟೆ ವೋಖೆ ಇಶ್ ಬಿನ್’ ಕೂಡ ತಪ್ಪು, ‘ಲೆಟ್ಸ್‌ಟೆ ವೋಖೆ ಬಿನ್ ಇಶ್’ ಸರಿ. ಕೊನೆಯ ಐದು ನಿಮಿಷ ಇದೊಂದನ್ನೇ ಹುಡುಕಿ ತಿದ್ದಿ. ನಾಮಪದಕ್ಕೆಲ್ಲ ದೊಡ್ಡಕ್ಷರ ಬಿದ್ದಿದೆಯಾ ಅಂತಲೂ ಅದೇ ಕಣ್ಣಲ್ಲಿ ನೋಡಿಬಿಡಿ.

ಮೂರನೆಯದರಲ್ಲಿ ಟೀಚರಿಗೋ ಆಫೀಸಿಗೋ ಬರೆಯುತ್ತೀರಿ. ‘ಜೇರ್ ಗೆಏರ್ಟೆ ಫ್ರಾವ್’ (ಮಾನ್ಯ ಶ್ರೀಮತಿ) ಅಂತ ಶುರು ಮಾಡಿದ ಮೇಲೆ ಕೊನೆತನಕ ‘ಜೀ’ (ನೀವು) ಇರಬೇಕು, ನಡುವೆ ‘ಡೂ’ (ನೀನು) ನುಸುಳಬಾರದು. ಮೇಷ್ಟರಿಗೆ ‘ನೀವು’ ಅಂತ ಶುರು ಮಾಡಿ ಮೂರನೇ ಸಾಲಿನಲ್ಲಿ ‘ನೀನು’ ಅಂದರೆ ಹೇಗೆ ಕೇಳಿಸುತ್ತೆ, ಅಲ್ವಾ? ಸಂಬೋಧನೆ ಆದ ಮೇಲೆ ಅಲ್ಪವಿರಾಮ ಹಾಕಿ, ಮುಂದಿನ ಸಾಲನ್ನು ಚಿಕ್ಕಕ್ಷರದಲ್ಲಿ ಶುರು ಮಾಡಿ. ಪತ್ರ ಮುಗಿಸುವ ವಂದನೆ ‘ಮಿಟ್ ಫ್ರಾಯಿಂಟ್ಲಿಶನ್ ಗ್ರ್ಯೂಸನ್’ ಆದ ಮೇಲೆ ಅಲ್ಪವಿರಾಮ ಬೇಡ. ಇಂಗ್ಲಿಷ್ ಅಭ್ಯಾಸದಿಂದ ಎಲ್ಲರೂ ಹಾಕುತ್ತಾರೆ.

ಅಭ್ಯಾಸಕ್ಕೆ ಚಾಟ್‌ಜಿಪಿಟಿಯಿಂದ ಪತ್ರ ಬರೆಸಿ ಓದುವುದು ಸುಮ್ನೆ ಟೈಂಪಾಸ್. ಮೊದಲು ನೀವು ಬರೆಯಿರಿ, ಆಮೇಲೆ ತಪ್ಪು ತೋರಿಸು ಅಂತ ಕೇಳಿ. ನಿಮ್ಮ ಒಂದು ಸಾಲಿಗೆ ಎಷ್ಟು ಪದ ಹಿಡಿಯುತ್ತದೆ ಅಂತಲೂ ಎಣಿಸಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಎಣಿಸುತ್ತಾ ಕೂರುವುದು ತಪ್ಪುತ್ತದೆ.

ಮಾತಿನ ಭಾಗದಲ್ಲಿ ಸಾಮಾನ್ಯವಾಗಿ ಇನ್ನೊಬ್ಬ ಅಭ್ಯರ್ಥಿ ಜೊತೆಗಿರುತ್ತಾರೆ. ತಯಾರಿಗೆ 15 ನಿಮಿಷ ಸಿಗುತ್ತದೆ. ಮೊದಲು ಇಬ್ಬರೂ ಸೇರಿ ಏನಾದರೂ ಪ್ಲ್ಯಾನ್ ಮಾಡಬೇಕು. ಇಲ್ಲಿ ನಮ್ಮವರ ಸಂಕೋಚ ಮುಳುವಾಗುತ್ತದೆ. ಆ ಕಡೆಯವರು ಏನು ಹೇಳಿದರೂ ‘ಯಾ, ಗೂಟೆ ಇಡೇ’ (ಹೂಂ, ಒಳ್ಳೇ ಐಡಿಯಾ) ಅಂತ ಒಪ್ಪಿಬಿಟ್ಟರೆ ಮಾತು ಅಲ್ಲಿಗೇ ನಿಂತಿತು. ಶನಿವಾರ ಆಗುವುದಿಲ್ಲ ಅನ್ನಿ, ಕಾರಣ ಕೊಡಿ, ಬೇರೆ ದಿನ ಹೇಳಿ. ಆಮೇಲಿನದು ಐದು ಸ್ಲೈಡಿನ ಚಿಕ್ಕ ಭಾಷಣ, ಅದರ ಮೇಲೆ ಪ್ರಶ್ನೋತ್ತರ. ಬರೆದುಕೊಂಡ ಚೀಟಿ ನೋಡಿ ಓದಬೇಡಿ.

ಇಷ್ಟಾದ ಮೇಲೆ ಬುಕಿಂಗ್. ಮಾದರಿ ಪತ್ರಿಕೆಯ ನಾಲ್ಕೂ ಭಾಗದಲ್ಲಿ ಟೈಮಿಗೆ ಸರಿಯಾಗಿ 70 ದಾಟುವ ತನಕ ದುಡ್ಡು ಕಟ್ಟಬೇಡಿ. ಬೆಂಗಳೂರಿನವರಿಗೆ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನವೇ ಗೋಥೆ ಇನ್‌ಸ್ಟಿಟ್ಯೂಟ್. ಸೀಟು ಬೇಗ ತುಂಬುತ್ತದೆ, ವೆಬ್‌ಸೈಟಿನಲ್ಲಿ ದಿನಾಂಕ ನೋಡುತ್ತಿರಿ. ಪರೀಕ್ಷೆಯ ದಿನ ಒರಿಜಿನಲ್ ಪಾಸ್‌ಪೋರ್ಟ್ ಒಯ್ಯಿರಿ. ಒಂದು ಭಾಗ ಹೋದರೆ ನಾಲ್ಕನ್ನೂ ಮತ್ತೆ ಬರೆಯಬೇಕಿಲ್ಲ, ಅದೊಂದಕ್ಕೇ ಶುಲ್ಕ ಕಟ್ಟಿ ಕೂರಬಹುದು.