ಬಾಲದ ಬ್ರೇಸ್ ವೈರಿಗೆ 1×19 ಸ್ಟೇನ್‌ಲೆಸ್ ಕೇಬಲ್

ಮನೆಯಲ್ಲೇ ವಿಮಾನ ಕಟ್ಟುತ್ತಿರುವವರು ಬಾಲದ ಬ್ರೇಸ್ ವೈರಿಗೆ (ಬಾಲದ ಭಾಗಗಳನ್ನು ಬಿಗಿಯಾಗಿ ಹಿಡಿಯುವ ತಂತಿ) ಕಂಟ್ರೋಲ್ ಕೇಬಲ್ಲಿನ 7×19 ಬದಲು 1×19 ಸ್ಟೇನ್‌ಲೆಸ್ ಕೇಬಲ್ ನೋಡಿ. 7×19ರಲ್ಲಿ 19 ಎಳೆಯ 7 ಕಟ್ಟು, ಅಂದರೆ 133 ಸಣ್ಣ ಎಳೆಗಳಿರುತ್ತವೆ, ರಾಟೆಯ ಮೇಲೆ ಬಾಗಲು ಅದು ಬೇಕು. ಬಾಲದ ವೈರ್ ಎಲ್ಲೂ ಬಾಗುವುದಿಲ್ಲ ಅಲ್ವಾ? 1×19ರಲ್ಲಿ ದಪ್ಪನೆಯ 19 ಎಳೆ ಮಾತ್ರ, ಎಳೆದಾಗ ಹಿಗ್ಗುವುದು ಕಡಿಮೆ. ಬಲವೂ ಜಾಸ್ತಿ: 1/8 ಇಂಚಿನದು ಸುಮಾರು 950 ಕೆಜಿ ತಡೆಯುತ್ತದೆ, ಅದೇ ಅಳತೆಯ ಸ್ಟೇನ್‌ಲೆಸ್ 7×19 ಸುಮಾರು 800. ನಮ್ಮ ಕೊಡಗಿನ ಮಳೆಗಾಲಕ್ಕೆ ಗ್ಯಾಲ್ವನೈಸ್ಡ್‌ಗಿಂತ ಸ್ಟೇನ್‌ಲೆಸ್ಸೇ ವಾಸಿ. ಆದರೆ ಇದನ್ನು ಥಿಂಬಲ್ (ಕುಣಿಕೆಯೊಳಗೆ ಕೂರುವ ಲೋಹದ ಬಳೆ) ಸುತ್ತ ಬಗ್ಗಿಸಿ ಕೈಯಲ್ಲಿ ಸ್ಲೀವ್ (ಲೋಹದ ಕೊಳವೆ) ಒತ್ತುವುದು ಬೇಡ, ತುಂಬಾ ಗಡಸು. ಎರಡೂ ತುದಿಗೆ ಮೆಷಿನ್ನಿನಲ್ಲಿ ಒತ್ತಿದ ಟರ್ಮಿನಲ್ (ತುದಿಗೆ ಕೂರಿಸುವ ಲೋಹದ ಜೋಡಣೆ) ಬೇಕು. ಒತ್ತಿದ ಮೇಲೆ ಉದ್ದ ಬದಲಿಸಲಾಗದು, ಹಾಗಾಗಿ ಟರ್ನ್‌ಬಕಲ್ (ವೈರಿನ ಬಿಗಿ ಹೊಂದಿಸುವ ತಿರುಪು) ಅರ್ಧ ತೆರೆದಿಟ್ಟು, ತೆಳು ಕಟ್ಟುತಂತಿ ಎಳೆದು ಅಳತೆ ತೆಗೆದುಕೊಳ್ಳಿ. ಆಮೇಲೆ ವಿಮಾನದ ಬಿಡಿಭಾಗ ಮಾರುವವರ ಹತ್ತಿರವೇ ಆರ್ಡರ್ ಮಾಡಿ. ಮುರಿಯುವ ಬಲದ ಶೇ. 60ರಷ್ಟು ಎಳೆದು ಪರೀಕ್ಷಿಸಿದ ಪತ್ರ ಕೇಳಿ ಪಡೆಯಿರಿ. ಮಡಿಕೇರಿ, ವಿರಾಜಪೇಟೆಯ ಹಾರ್ಡ್‌ವೇರ್ ಅಂಗಡಿಯ ವೈರ್ ಹೊಳೆಯುತ್ತಿದ್ದರೂ ಖಂಡಿತ ಬೇಡ. ನಕ್ಷೆಯಲ್ಲಿ ಬೇರೆ ವೈರ್ ಹೇಳಿದ್ದರೆ ವಿನ್ಯಾಸ ಮಾಡಿದವರನ್ನು ಕೇಳದೆ ಬದಲಾಯಿಸಬೇಡಿ. ಹಾಕಿದ ಮೇಲೆ ಆಗಾಗ ಹತ್ತಿಯಿಂದ ವೈರ್ ಒರೆಸಿ, ಮುರಿದ ಎಳೆಗೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಟರ್ಮಿನಲ್ಲಿನ ಬಾಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಕಂದು ಗೆರೆ ಕಂಡರೆ ವೈರ್ ಬದಲಿಸುವವರೆಗೆ ಹಾರಬೇಡಿ.