ಸ್ಟಿಯರಿಂಗ್ ಎಡಕ್ಕೆ ಬಂದಾಗ

ಹನ್ನೆರಡು ವರ್ಷ ರಸ್ತೆಯ ಎಡಬದಿಯಲ್ಲೇ ಕಾರು ಓಡಿಸಿದವಳು ನಾನು. ನೆಲೆಸಲು ಬಂದ ಹೊಸ ದೇಶದಲ್ಲಿ ಸಂಚಾರ ಬಲಬದಿಗೆ, ಸ್ಟಿಯರಿಂಗ್ ಎಡಕ್ಕೆ. ಕ್ಲಚ್, ಬ್ರೇಕ್, ಆಕ್ಸಲರೇಟರ್‌ಗಳ ಸಾಲು ಎರಡೂ ಬಗೆಯ ಕಾರುಗಳಲ್ಲಿ ಒಂದೇ ಆದ್ದರಿಂದ ಕಾಲುಗಳಿಗೆ ಕಷ್ಟವಾಗಲಿಲ್ಲ. ಹೊಸದಾಗಿ ಕಲಿಯಬೇಕಾದದ್ದು ಕೈ ಮತ್ತು ಕಣ್ಣು.

ಮೊದಲ ಗೇರ್ ಈಗಲೂ ಎಡಮೇಲಿನ ಮೂಲೆಯಲ್ಲೇ ಇದೆ. ಆದರೆ ಹಿಂದೆ ಎಡಗೈಯಿಂದ ಆಚೆಗೆ ತಳ್ಳುತ್ತಿದ್ದುದನ್ನು ಈಗ ಬಲಗೈಯಿಂದ ನನ್ನ ಕಡೆಗೆ ಎಳೆದುಕೊಂಡು ಮುಂದಕ್ಕೆ ಒತ್ತಬೇಕು. ಎಂಜಿನ್ ಆರಿಸಿ, ನಿಂತ ಕಾರಿನಲ್ಲೇ ಕುಳಿತು ಎರಡು ಸಂಜೆ ಇದನ್ನೇ ಅಭ್ಯಾಸ ಮಾಡಿದೆ. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡುವುದು ನಿಲ್ಲಲು ಮಾತ್ರ ಒಂದು ತಿಂಗಳು ಹಿಡಿಯಿತು.

ನಿಜವಾದ ತೊಡಕು ಕಾರಿನ ಅಗಲದ್ದು. ಹಿಂದೆ ಕಾರಿನ ಹೆಚ್ಚಿನ ಭಾಗ ನನ್ನ ಎಡಕ್ಕಿತ್ತು, ಈಗ ಬಲಕ್ಕಿದೆ. ಮೈ ಮಾತ್ರ ಹಳೆಯ ಲೆಕ್ಕದಲ್ಲೇ ಲೇನಿನ ಬಲ ಅಂಚನ್ನು ಹುಡುಕುತ್ತದೆ. ಕಾರು ಬಲಕ್ಕೆ ಸರಿಯುತ್ತ ಪಾದಚಾರಿ ಕಟ್ಟೆಯನ್ನು ಸವರತೊಡಗುತ್ತದೆ. ಪಕ್ಕದಲ್ಲಿದ್ದ ಪತಿ "ಬಲಕ್ಕೆ ಹೋಗ್ತಿದೆ, ನೋಡು" ಎಂದು ಎಚ್ಚರಿಸಿದಾಗಲೂ ನನ್ನ ಕಣ್ಣಿಗೆ ಎಲ್ಲವೂ ನೇರವಾಗಿಯೇ ಕಾಣುತ್ತಿತ್ತು. ಕೊನೆಗೆ ಒಂದೇ ಗುರುತು ಹಿಡಿದೆ: ಎರಡು ಕಡೆಯ ಸಂಚಾರವಿರುವ ರಸ್ತೆಯಲ್ಲಿ ನಡುಗೆರೆ ನಾನು ಕುಳಿತ ಬದಿಗಿರಬೇಕು, ಪಕ್ಕದ ಸೀಟು ರಸ್ತೆಯಂಚಿನ ಕಡೆಗಿರಬೇಕು. ಯೋಚಿಸಿದರೆ, ಹಳೆಯ ಕಾರಿನಲ್ಲೂ ಇದು ಹೀಗೆಯೇ ಇತ್ತು. ಅದು ಹೊಳೆದ ದಿನ ಮನಸ್ಸಿಗೆ ದೊಡ್ಡ ಸಮಾಧಾನವಾಯಿತು.

ವಾರದ ಸಾಮಾನು ತರುವ ಕೆಲಸವನ್ನೇ ಪಾಠವಾಗಿಸಿಕೊಂಡೆ. ಅಂಗಡಿ ತೆರೆಯುವ ಹೊತ್ತಿಗೆ ಹೋಗುತ್ತಿದ್ದೆ. ಬಲ ತಿರುವುಗಳೇ ಹೆಚ್ಚಿರುವ ದಾರಿ ಆರಿಸಿಕೊಂಡೆ. ಎದುರಿನ ವಾಹನಗಳನ್ನು ಅಡ್ಡಹಾಯಬೇಕಾದ ಎಡ ತಿರುವನ್ನು ಮೂರನೆಯ ವಾರಕ್ಕೆ ಇಟ್ಟುಕೊಂಡೆ. ನಿಲುಗಡೆಯಲ್ಲಿ ಬಾಗಿಲ ಹತ್ತಿರದ ಜಾಗಕ್ಕೆ ಆಸೆಪಡದೆ, ಇಬ್ಬದಿಯೂ ಖಾಲಿಯಿರುವ ದೂರದ ಮೂಲೆಗೆ ಹೋಗಿ ಹಿಮ್ಮುಖವಾಗಿ ನಿಲ್ಲಿಸುತ್ತಿದ್ದೆ. ಹಿಂದೆ ನೋಡಲು ಈಗ ಬಲ ಭುಜದ ಮೇಲಿಂದ ತಿರುಗಬೇಕು. ಕುತ್ತಿಗೆಗೂ ಅದು ಹೊಸದು. (ಪೆಟ್ರೋಲ್ ಮುಚ್ಚಳ ಯಾವ ಬದಿಗಿದೆ ಎಂದು ಇಳಿದು ನೋಡಬೇಕಿಲ್ಲ. ಇಂಧನದ ಮಾಪಕದ ಪಕ್ಕದ ಪುಟ್ಟ ಬಾಣ ಅದನ್ನು ತೋರಿಸುತ್ತದೆ. ಇತ್ತೀಚಿನ ಹೆಚ್ಚಿನ ಕಾರುಗಳಲ್ಲಿ ಇದು ಇರುತ್ತದೆ.)

ಅಪಾಯ ಬಂದದ್ದು ಹೋಗುವಾಗಲ್ಲ, ಮರಳುವಾಗ. ಹೋಗುವಾಗ ಮನಸ್ಸು ಎಚ್ಚರವಾಗಿರುತ್ತದೆ, ಹಿಂಬಾಲಿಸಲು ಮುಂದೊಂದು ಕಾರು ಇರುತ್ತದೆ. ಒಂದು ಸಂಜೆ ಚೀಲಗಳನ್ನು ಡಿಕ್ಕಿಗೆ ತುಂಬಿ, ಮರೆತ ಸಾಮಾನಿನ ಬಗ್ಗೆ ಮಾತನಾಡುತ್ತ ನಿಲುಗಡೆಯಿಂದ ಹೊರಬಂದೆ. ರಸ್ತೆ ಖಾಲಿಯಿತ್ತು. ಕೈ ತಾನಾಗಿಯೇ ಕಾರನ್ನು ಎಡಬದಿಗೆ ಒಯ್ದಿತು. ದೂರದ ಬೆಳಕೊಂದು ನೇರ ನನ್ನತ್ತಲೇ ಬರುವುದು ಕಂಡಾಗ ತಪ್ಪು ತಿಳಿಯಿತು. ಎದುರಿನವರು ನಿಧಾನಿಸಿದರು, ನಾನು ಬಲಕ್ಕೆ ದಾಟಿದೆ. ಮನೆ ಸೇರಿ ಎಷ್ಟೋ ಹೊತ್ತಾದರೂ ಕೈ ನಡುಗುತ್ತಿತ್ತು.

ಮರುದಿನ ಡ್ಯಾಷ್‌ಬೋರ್ಡ್ ಮೇಲೆ ಬಲಕ್ಕೆ ಬಾಣ ಬರೆದ ಹಳದಿ ಪಟ್ಟಿ ಅಂಟಿಸಿದೆ. ನಿಲುಗಡೆಯಿಂದ ಹೊರಬಂದು ಮೊದಲ ತಿರುವು ದಾಟುವವರೆಗೆ ಕಾರಿನಲ್ಲಿ ಯಾರೂ ಮಾತನಾಡುವಂತಿಲ್ಲ. ಎರಡು ವರ್ಷವಾಯಿತು. ಈಗ ಪತಿ ಓಡಿಸಲು ಕಲಿಯುತ್ತಿದ್ದಾರೆ. ಪಟ್ಟಿ ಇನ್ನೂ ಅಲ್ಲೇ ಇದೆ.