ಗುದ್ದಲಿ ಕಾವಿಗೆ ಬಾಳುವ ಲೇಪ ಯಾವುದು?

ಅಂಗಡಿಯಿಂದ ತಂದ ಹೊಸ ಗುದ್ದಲಿಯ ಕಾವು ಮೊದಲ ದಿನ ಮಿರಮಿರ ಮಿನುಗುತ್ತಿರುತ್ತದೆ. ಆ ಮಿನುಗು ಮರದ್ದಲ್ಲ, ಮೇಲೆ ಬಳಿದ ವಾರ್ನಿಷಿನದು. ಅಡಿಕೆ ತೋಟದಲ್ಲಿ ಒಂದು ಹಂಗಾಮಿನ ಕೆಲಸ ಮುಗಿಯುವಷ್ಟರಲ್ಲಿ ಕೈ ಆಡುವ ಜಾಗದಲ್ಲಿ ಆ ಪದರ ಚಕ್ಕೆಯಾಗಿ ಏಳುತ್ತದೆ. ಬೆವರಿದ ಅಂಗೈ ಜಾರದಿರಲೆಂದು ಕಾವನ್ನು ಬಿಗಿಯಾಗಿ ಹಿಡಿದಷ್ಟೂ ಬೊಕ್ಕೆ ಏಳುತ್ತದೆ. ನಾನೂ ಒಮ್ಮೆ ಕೊಡಲಿಯ ಕಾವೊಂದಕ್ಕೆ ಅಂಗಡಿಯಲ್ಲಿ ಸಿಗುವ ಅತ್ಯಂತ ಗಟ್ಟಿ ಲೇಪವೆಂದು ಪಾಲಿಯುರೆಥೇನನ್ನು ಮೂರು ಕೈ ಬಳಿದಿದ್ದೆ. ಬೇಸಿಗೆಯಿಡೀ ಅದು ಚೆನ್ನಾಗಿಯೇ ಇತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಕಣ್ಣಿಗೆ ಕಾಣದ ಬಿರುಕುಗಳಿಂದ ಒಳಗಿಳಿದ ನೀರು ಆರಲು ದಾರಿಯಿಲ್ಲದೆ ಪದರದ ಅಡಿಯಲ್ಲೇ ನಿಂತು, ಮರ ಗೇಣುದ್ದ ಕಪ್ಪಿಟ್ಟಿತು. ತಪ್ಪು ಲೇಪದ್ದಲ್ಲ, ಅದನ್ನು ಆರಿಸಿದ ನನ್ನದು.

ಮೇಜಿನ ಹಲಗೆ ಬಾಗುವುದಿಲ್ಲ, ಪೆಟ್ಟು ತಿನ್ನುವುದಿಲ್ಲ, ಬೆವರು ಕುಡಿಯುವುದಿಲ್ಲ. ಕಾವು ಈ ಮೂರನ್ನೂ ದಿನವಿಡೀ ಮಾಡುತ್ತದೆ. ದಿಂಡಿಗ, ತಡಸಲು, ಕರಿಜಾಲಿಯಂಥ ಮರಗಳನ್ನು ಕಾವಿಗೆ ಆರಿಸುವುದೇ ಅವು ಪೆಟ್ಟಿನ ಹೊಡೆತವನ್ನು ನುಂಗಿಕೊಂಡು ತುಸು ಬಾಗಿ ಮತ್ತೆ ನೆಟ್ಟಗಾಗುತ್ತವೆ ಎಂಬ ಕಾರಣಕ್ಕೆ. ಹಾಗೆ ಬಾಗುವ ಮರದ ಮೇಲೆ ಬಾಗದ ಪದರವನ್ನು ಕೂರಿಸಿದರೆ ಪದರವೇ ಮೊದಲು ಸೋಲುತ್ತದೆ. ಆದ್ದರಿಂದ ಕಾವಿನ ಲೇಪವನ್ನು ಆರಿಸುವಾಗ ಅದು ಎಷ್ಟು ಗಟ್ಟಿ ಎಂದು ಕೇಳುವ ಬದಲು, ಸವೆದ ಜಾಗಕ್ಕೆ ಮಾತ್ರ ಮತ್ತೆ ಹಚ್ಚಲು ಬರುತ್ತದೆಯೇ ಎಂದು ಕೇಳಬೇಕು. ವಾರ್ನಿಷ್, ಪಾಲಿಯುರೆಥೇನ್, ಬಣ್ಣ ಇವೆಲ್ಲ ಮರದ ಮೇಲೆ ಪೊರೆಯಾಗಿ ನಿಲ್ಲುತ್ತವೆ, ಆದ್ದರಿಂದ ಒಂದು ಕಡೆ ಎದ್ದರೆ ಸುತ್ತಲಿನದನ್ನೂ ಕೆರೆದು ತೆಗೆಯಬೇಕಾಗುತ್ತದೆ. ಒಣಗುವ ಎಣ್ಣೆ ಮರದ ನಾರಿನೊಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ, ಅಲ್ಲಿ ಏಳುವುದಕ್ಕೆ ಚಕ್ಕೆಯೇ ಇರುವುದಿಲ್ಲ.

‘ಒಣಗುವ ಎಣ್ಣೆ’ ಎಂದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಮನೆಯಲ್ಲಿದ್ದ ತೆಂಗಿನೆಣ್ಣೆಯನ್ನೋ ಹರಳೆಣ್ಣೆಯನ್ನೋ ಕಾವಿಗೆ ತಿಕ್ಕಿ, ವಾರ ಕಳೆದರೂ ಅಂಟಂಟಾಗಿಯೇ ಇದೆ ಎಂದು ಬೇಸರಪಡುವವರನ್ನು ನೋಡಿದ್ದೇನೆ. ಎಣ್ಣೆ ಒಣಗುವುದೆಂದರೆ ನೀರಿನಂತೆ ಆರಿಹೋಗುವುದಲ್ಲ; ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಘನವಾಗುವುದು. ಈ ಗುಣ ಎಲ್ಲ ಎಣ್ಣೆಗೂ ಇಲ್ಲ. ಅದನ್ನು ಅಂದಾಜಿಸಲು ರಸಾಯನಶಾಸ್ತ್ರದಲ್ಲಿ ಅಯೋಡಿನ್ ಮೌಲ್ಯ ಎಂಬ ಅಳತೆಯಿದೆ: 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಲೆಕ್ಕ. ಈ ಮೌಲ್ಯ ಹೆಚ್ಚಿದಷ್ಟೂ ಎಣ್ಣೆ ಚೆನ್ನಾಗಿ ಒಣಗುತ್ತದೆ. ತೆಂಗಿನೆಣ್ಣೆಯ ಮೌಲ್ಯ 10ರ ಆಸುಪಾಸು. ಶೇಂಗಾ, ಹರಳು, ಹೊಂಗೆ ಎಣ್ಣೆಗಳದು ಸುಮಾರು 80ರಿಂದ 100. ಇವು ಎಂದೂ ಒಣಗುವುದಿಲ್ಲ. ಧೂಳು ಹಿಡಿದುಕೊಂಡು ಜಿಡ್ಡುಗಟ್ಟುತ್ತವೆ. ಹುಚ್ಚೆಳ್ಳಿನ ಎಣ್ಣೆ 130ರ ಸುತ್ತ, ಕುಸುಬೆ ಎಣ್ಣೆ 140ರ ಸುತ್ತ ಇರುವುದರಿಂದ ನಿಧಾನವಾಗಿಯಾದರೂ ಒಣಗುತ್ತವೆ. ಅಗಸೆ ಎಣ್ಣೆಯ ಮೌಲ್ಯ 170ನ್ನು ದಾಟುತ್ತದೆ. ಕ್ರಿಕೆಟ್ ಬ್ಯಾಟಿಗೆ ಹುಡುಗರು ತಿಕ್ಕುವ ಲಿನ್‌ಸೀಡ್ ಆಯಿಲ್ ಇದೇ. ವಿಜಯಪುರ, ಬಾಗಲಕೋಟೆಯ ಎರೆಭೂಮಿಯವರು ಚಟ್ನಿಪುಡಿ ಕುಟ್ಟುವ ಅಗಸೆಯ ಎಣ್ಣೆಯೇ ಜಗತ್ತಿನ ಬಡಗಿಗಳು ಶತಮಾನಗಳಿಂದ ನಂಬಿಕೊಂಡು ಬಂದ ಎಣ್ಣೆ ಎಂಬುದನ್ನು ನೆನೆದರೆ, ನಮ್ಮ ಕಡೆ ಕಾವಿಗೆ ಅದನ್ನು ಹಚ್ಚುವವರು ಇಷ್ಟು ಕಡಿಮೆ ಏಕೆ ಎಂದು ಅಚ್ಚರಿಯಾಗುತ್ತದೆ.

ಅಗಸೆ ಎಣ್ಣೆಯಲ್ಲೂ ಎರಡು ಬಗೆ. ಗಾಣದಿಂದ ಬಂದ ಹಸಿ ಎಣ್ಣೆ ಒಣಗಲು ವಾರಗಳೇ ಬೇಕು, ಅದರಲ್ಲೂ ತೇವದ ಹವೆಯಲ್ಲಿ ಅದು ಗಟ್ಟಿಯಾಗುವ ಮೊದಲೇ ಬೂಷ್ಟು ಬರುತ್ತದೆ. ಬಣ್ಣದ ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್’ ಎಂಬ ಹೆಸರಿನಲ್ಲಿ ಸಿಗುವುದು ಬೇಗ ಒಣಗಲೆಂದು ಕೋಬಾಲ್ಟ್ ಅಥವಾ ಮ್ಯಾಂಗನೀಸಿನಂಥ ಲೋಹದ ಲವಣಗಳನ್ನು ಸಾಮಾನ್ಯವಾಗಿ ಬೆರೆಸಿದ ಎಣ್ಣೆ. ಇದು ಒಳ್ಳೆಯ ಬಿಸಿಲಿದ್ದರೆ ಒಂದೆರಡು ದಿನದಲ್ಲಿ ಒಣಗುತ್ತದೆ, ಆದರೆ ಅಡುಗೆಗೆ ಸರ್ವಥಾ ಸಲ್ಲದು. ಹಸಿ ಎಣ್ಣೆಯನ್ನು ಮನೆಯಲ್ಲೇ ಕುದಿಸಿ ಇದನ್ನು ತಯಾರಿಸುತ್ತೇನೆಂದು ಹೊರಡುವುದು ಬೆಂಕಿಯೊಡನೆ ಸರಸ. ಮಲೆನಾಡಿನವರಿಗೆ ಮತ್ತು ಕರಾವಳಿಯವರಿಗೆ ಈ ಎರಡನೆಯ ಬಗೆಯೇ ಸರಿ.

ಅರಗನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುವ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಉಜ್ಜಿದ ಬಿಸಿಯಿಂದಲೇ ಅದನ್ನು ಕರಗಿಸಿ ಹತ್ತಿಸುವ ವಿಧಾನ ಚರಕಿ ಎಂಬ ತಿರುಗುಯಂತ್ರದ ಮೇಲೆ ಕಡೆದ ಸಣ್ಣ ಹಿಡಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ಒಳಾಂಗಣದಲ್ಲೇ ಇರುವ, ಸುತ್ತಿಗೆಯ ಪೆಟ್ಟು ಬೀಳದ ಅರ, ಸ್ಕ್ರೂಡ್ರೈವರ್‌ಗಳ ಹಿಡಿಗೆ ಅದು ಸೊಗಸು. ಆದರೆ ಅರಗು ಪೆಟ್ಟಿಗೆ ಸೀಳುತ್ತದೆ, ನೀರು ನಿಂತಲ್ಲಿ ಬೆಳ್ಳಗಾಗುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಬಿಸಿಲು ಮಳೆಯೆನ್ನದೆ ಹೊರಗೇ ದುಡಿಯುವ ಪಿಕಾಸಿಗೆ ಅದು ಬೇಡ.

ಇನ್ನೆರಡು ವಸ್ತುಗಳ ಬಗ್ಗೆ ಎಚ್ಚರ ಹೇಳಲೇಬೇಕು. ಗೆದ್ದಲು ಹತ್ತದಿರಲೆಂದು ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಎಣ್ಣೆಯಲ್ಲಿ ಕಾವನ್ನು ಅದ್ದಿಡುವ ರೂಢಿ ಹಳ್ಳಿಗಳಲ್ಲಿದೆ. ಆ ಎಣ್ಣೆ ಒಣಗುವುದಿಲ್ಲ, ಮತ್ತು ಅದರಲ್ಲಿ ಸೇರಿರುವ ಕ್ಯಾನ್ಸರ್‌ಕಾರಕ ಅಂಶಗಳು ಪ್ರತಿದಿನ ಬರಿಗೈಗೆ ಮೆತ್ತಿಕೊಳ್ಳುತ್ತವೆ. ಬೇಲಿಯ ಗೂಟಕ್ಕೆ ಹಚ್ಚುವುದನ್ನು ಕೈ ಹಿಡಿಯುವ ಕಾವಿಗೆ ಹಚ್ಚಬಾರದು. ಎರಡನೆಯದು ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ. ಮರಕ್ಕೆ ಅದು ನಿಜಕ್ಕೂ ಗಟ್ಟಿ ರಕ್ಷೆಯೇ, ಆದರೆ ಚರ್ಮವನ್ನು ಸುಟ್ಟು ಗುಳ್ಳೆಯೆಬ್ಬಿಸುವ ಗುಣ ಅದರದು.

ಹಚ್ಚುವ ಕಾಲವೆಂದರೆ ಮಾಘದಿಂದ ಚೈತ್ರದವರೆಗಿನ ಒಣಹವೆ. ಹಳೆಯ ವಾರ್ನಿಷ್ ಇದ್ದರೆ ಮೊದಲು ಅದನ್ನು ಕತ್ತಿಯ ಹಿಂಬದಿಯಿಂದಲೋ ಗಾಜಿನ ಚೂರಿನಿಂದಲೋ ನಾರಿನ ಜಾಡಿನಲ್ಲೇ ಕೆರೆದು ತೆಗೆಯಬೇಕು. ಗಾಜಾದರೆ ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ. ಬಳಿಕ 80 ನಂಬರಿನ ಒರಟು ಉಪ್ಪುಕಾಗದದಿಂದ ಉಜ್ಜಿ, 120 ಅಥವಾ 150 ನಂಬರಿನದಕ್ಕೆ ನಿಲ್ಲಿಸಬೇಕು. ಅದಕ್ಕಿಂತ ನುಣುಪು ಮಾಡಿದರೆ ಕೈಗೆ ಹಿಡಿತ ಸಿಗುವುದಿಲ್ಲ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿದರೆ ನವಿರಾದ ನಾರುಗಳು ನಿಮಿರಿ ನಿಲ್ಲುತ್ತವೆ. ಅವನ್ನು ಹಗುರವಾಗಿ ಉಜ್ಜಿ ತೆಗೆದರೆ ಮುಂದೆ ಮಳೆಯಲ್ಲಿ ನೆನೆದಾಗ ಕಾವು ತರಿತರಿಯಾಗುವುದಿಲ್ಲ.

ಮೊದಲ ಕೈಗೆ ಎಣ್ಣೆ ಮತ್ತು ಟರ್ಪಂಟೈನನ್ನು ಸಮಸಮ ಬೆರೆಸಿಕೊಂಡು, ಮರ ಕುಡಿಯುವಷ್ಟೂ ಕುಡಿಸಿ. ಅರ್ಧ ಗಂಟೆಯ ನಂತರ ಮೇಲೆ ಉಳಿದದ್ದನ್ನು ಒಂದು ಹನಿಯೂ ಬಿಡದಂತೆ ಒರೆಸಿ ತೆಗೆಯಬೇಕು. ಇಡೀ ಕೆಲಸದ ಸೋಲುಗೆಲುವು ಈ ಒರೆಸುವಿಕೆಯಲ್ಲಿದೆ. ‘ಇರಲಿ, ಇನ್ನಷ್ಟು ಇಳಿಯಲಿ’ ಎಂದು ದಪ್ಪಗೆ ಬಿಟ್ಟ ಎಣ್ಣೆಯ ಮೇಲ್ಮೈ ಕೆನೆಗಟ್ಟಿ, ಒಳಗಿನದು ಗಾಳಿ ಸಿಗದೆ ತಿಂಗಳಾದರೂ ಅಂಟಾಗಿಯೇ ಉಳಿಯುತ್ತದೆ. ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿದ ಮೇಲೆ, ಎರಡು ಮೂರು ದಿನಗಳ ಅಂತರದಲ್ಲಿ ಬರಿ ಎಣ್ಣೆಯ ಎರಡು ತೆಳು ಕೈ ಸಾಕು. ದಿನಕ್ಕೊಮ್ಮೆ ಒಂದು ವಾರ, ವಾರಕ್ಕೊಮ್ಮೆ ಒಂದು ತಿಂಗಳು, ತಿಂಗಳಿಗೊಮ್ಮೆ ಒಂದು ವರ್ಷ ಎಂಬ ಹಳೆಯ ಪಾಶ್ಚಾತ್ಯ ಬಡಗಿಗಳ ಲೆಕ್ಕವೊಂದಿದೆ. ಅದು ತಪ್ಪಲ್ಲ, ಆದರೆ ಗುದ್ದಲಿಗೆ ಅಷ್ಟು ಉಪಚಾರದ ಅಗತ್ಯ ನನಗೆ ಕಂಡಿಲ್ಲ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಹೊರಡುವ ಶಾಖ ಮುದ್ದೆಯೊಳಗೆ ಕೂಡಿಕೊಂಡು, ಯಾರೂ ಕಡ್ಡಿ ಗೀರದೆಯೇ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಲ್ಲದು. ಹುಲ್ಲು, ಅಡಿಕೆಸಿಪ್ಪೆ, ಸೋಗೆ ತುಂಬಿದ ಕೊಟ್ಟಿಗೆಯಲ್ಲಿ ಇದರ ಪರಿಣಾಮವನ್ನು ಊಹಿಸಿಕೊಳ್ಳಬಹುದು. ಬಟ್ಟೆಯನ್ನು ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಕಾವು ಬೇಗ ಕೆಡುವುದು ಕೈ ಹಿಡಿಯುವ ಜಾಗದಲ್ಲಲ್ಲ, ಅಡ್ಡಕೊಯ್ದ ಎರಡು ತುದಿಗಳಲ್ಲಿ. ಅಲ್ಲಿ ಮರದ ನಾಳಗಳು ಬಾಯಿ ತೆರೆದಿರುವುದರಿಂದ ಪಕ್ಕದ ಮೈಗಿಂತ ಎಷ್ಟೋ ಪಾಲು ಹೆಚ್ಚು ನೀರು ಏರುತ್ತದೆ. ಆದ್ದರಿಂದ ತುದಿಗಳಿಗೆ ಇನ್ನು ಕುಡಿಯದು ಎನ್ನುವವರೆಗೆ ಎಣ್ಣೆ ಹಾಕುತ್ತಲೇ ಇರಬೇಕು. ಕೊಡಲಿಯ ಕಣ್ಣಿನೊಳಗೆ ಹೋಗುವ ಭಾಗಕ್ಕೂ ಕೂರಿಸುವ ಮೊದಲೇ ಹಚ್ಚಿ ಪೂರ್ತಿ ಒಣಗಿಸಿ, ಆಮೇಲೆ ಬೆಣೆ ಹೊಡೆಯಬೇಕು. ಸಡಿಲಾದ ಕೊಡಲಿಯನ್ನು ರಾತ್ರಿ ನೀರಿನಲ್ಲಿ ಮುಳುಗಿಸಿಡುವುದು ಎಲ್ಲರೂ ಮಾಡುವ ಉಪಾಯ. ಊದಿದ ಮರ ಕಬ್ಬಿಣಕ್ಕೆ ಒತ್ತಿಕೊಂಡು ಅದರ ನಾರುಗಳು ಜಜ್ಜಿಹೋಗುವುದರಿಂದ, ಒಣಗಿದಾಗ ಅದು ಮೊದಲಿಗಿಂತ ಸಡಿಲವಾಗುತ್ತದೆ. ಅದಕ್ಕಿಂತ ಹೊಸ ಬೆಣೆ ಲೇಸು.

ಜೇನುಮೇಣ ಬೇಕೆನಿಸಿದರೆ ನಾಲ್ಕು ಪಾಲು ಎಣ್ಣೆಗೆ ಒಂದು ಪಾಲು ಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ ಕೊನೆಯ ಕೈಗೆ ಬಳಸಬಹುದು. ಕೊಡತಿಯಿಂದ ಹೊಡೆಸಿಕೊಳ್ಳುವ ಉಳಿಯ ಹಿಡಿಗೆ, ಕತ್ತಿಯ ಹಿಡಿಗೆ ಇದು ಹಿತ. ಬರಿ ಮೇಣ ಮಾತ್ರ ಬೇಡ, ಅದು ಬೇಗ ಸವೆಯುತ್ತದೆ, ಬಿಸಿಲಿಗಿಟ್ಟ ಕಾವಿನಲ್ಲಿ ಅಂಟುತ್ತದೆ.

ಈ ಲೇಪ ಮಳೆಯನ್ನು ಪೂರ್ತಿ ತಡೆಯುವುದಿಲ್ಲ, ತೇವ ಒಳಹೋಗುವುದನ್ನು ನಿಧಾನಿಸುತ್ತದೆ ಅಷ್ಟೆ. ಗೆದ್ದಲನ್ನೂ ಕುಟ್ಟೆಹುಳುವನ್ನೂ ಅಗಸೆ ಎಣ್ಣೆ ಓಡಿಸುವುದಿಲ್ಲ. ಅದಕ್ಕೆ ಹಿರಿಯರು ಕಾವಿನ ಮರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗಿಟ್ಟು ಹದಗೊಳಿಸುತ್ತಿದ್ದರು. ಹೊಗೆ ಅಟ್ಟವಿಲ್ಲದ ಮನೆಯಲ್ಲಿ ಹತ್ಯಾರನ್ನು ಮಣ್ಣಿನ ನೆಲಕ್ಕೆ ಊರದೆ ಗೋಡೆಯ ಮೊಳೆಗೆ ತೂಗುಹಾಕುವುದಷ್ಟೇ ಉಳಿದಿರುವ ದಾರಿ. ಮುಂಗಾರಿಗೆ ಮೊದಲು ಕಾವಿನ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಹನಿ ಮಣಿಯಂತೆ ನಿಂತರೆ ಈ ವರ್ಷ ಏನೂ ಮಾಡಬೇಕಿಲ್ಲ, ಹರಡಿ ಮರ ಕಪ್ಪಾದರೆ ಆ ಜಾಗವನ್ನು ಒಣಗಿಸಿ ಒಂದು ಕೈ ಎಣ್ಣೆ ಹಚ್ಚಿ ಒರೆಸಿ.